ಜಾನಪದ ಲೋಕ ಕಟ್ಟಿದ ಎಚ್. ಎಲ್. ನಾಗೇಗೌಡರು

 

ಈ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯುವ ಪಾಳಿ ನನ್ನದು. ಹೋದ ತಿಂಗಳು ಸಂಗೊಳ್ಳಿ ರಾಯಣ್ಣನ ಕಥೆ ಬಂದಿತ್ತು. ಅದಕ್ಕೂ ಹಿಂದಿನ ತಿಂಗಳು ಕಿತ್ತೂರ ಚನ್ನಮ್ಮನ ಕಥೆ ಬಂದಿತ್ತು. ಅವರೆಲ್ಲ ಕತ್ತಿ ಹಿಡಿದು ಹೋರಾಡಿದವರು. ನಾನು ಬರೆಯುವವರು ಕತ್ತಿ ಹಿಡಿದವರಲ್ಲ. ಅವರು ಬೀಸುಕಲ್ಲು, ಒನಕೆ, ಗಡಿಗೆ, ಕಡಗೋಲು, ಕೂರಿಗೆ, ತೊಗಲುಗೊಂಬೆ ಇಂಥ ಸಾಮಾನುಗಳನ್ನು ಊರೂರಿಂದ ಕೂಡಿಸಿ, ಅವಕ್ಕೊಂದು ಮನೆ ಕಟ್ಟಿದವರು. ಇದೇನು ದೊಡ್ಡ ಕೆಲಸ ಅಂತ ನೀವು ನಗಬಹುದು. ನಾನೂ ಮೊದಲು ನಕ್ಕಿದ್ದೆ. ಈಗ ನಗುವುದಿಲ್ಲ. ಯಾಕೆ ನಗುವುದಿಲ್ಲ ಎಂಬುದನ್ನೇ ಇಲ್ಲಿ ಬರೆದಿದ್ದೇನೆ.

ನನಗೆ ಅವರ ಪರಿಚಯ ಆದದ್ದು

ನಾವು ಆರನೇ ಈಯತ್ತೆಯಲ್ಲಿದ್ದಾಗ ಶಾಲೆಯಿಂದ ಮೈಸೂರಿಗೆ ಪ್ರವಾಸ ಹೋಗಿದ್ದು ನಿಮಗೆಲ್ಲ ನೆನಪಿದೆಯಲ್ಲ. ಬೆಂಗಳೂರು ನೋಡಿಕೊಂಡು ಮೈಸೂರಿನ ರಸ್ತೆ ಹಿಡಿದಾಗ ರಾಮನಗರ ಬಂತು. ಶೋಲೆ ಸಿನಿಮಾ ತೆಗೆದ ಗುಡ್ಡ ಇಲ್ಲೇ ಐತಿ ಅಂತ ಎಲ್ಲರೂ ಕಿಟಕಿಗೆ ಮುತ್ತಿಕೊಂಡಿದ್ದೆವು. ಆ ಊರಿನ ಹತ್ತಿರ ರಸ್ತೆಯ ಪಕ್ಕದಲ್ಲೇ ಜಾನಪದ ಲೋಕ ಎಂಬ ಜಾಗ ಇದೆ. ಗುರುಗಳು ಅಲ್ಲಿ ಬಸ್ಸು ನಿಲ್ಲಿಸಿದರು. ನಮಗೆಲ್ಲ ಬೃಂದಾವನದ ಕಾರಂಜಿ ನೋಡುವ ಅವಸರ. ಒಲ್ಲದ ಮನಸ್ಸಿನಿಂದ ಇಳಿದೆವು.

ಒಳಗೆ ಹೋಗಿ ನೋಡಿದರೆ ಬೀಸುಕಲ್ಲು, ಮರ, ಬುಟ್ಟಿ, ಮಣ್ಣಿನ ಗಡಿಗೆ ಇವನ್ನೇ ಸಾಲಾಗಿ ಇಟ್ಟಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಇದನ್ನ ನೋಡಾಕ ಇಷ್ಟು ದೂರ ಬರಬೇಕಿತ್ತಾ ಅಂತ ನಮ್ಮ ಮಾತು. ಗುರುಗಳು ಸಿಟ್ಟು ಮಾಡಲಿಲ್ಲ. ಯಾರ ಯಾರ ಮನೆಯಲ್ಲಿ ಈಗಲೂ ಬೀಸುಕಲ್ಲು ಇದೆಯೋ ಅವರು ಕೈ ಎತ್ತಬೇಕು ಎಂದರು. ಮೂವತ್ತೆಂಟು ಮಂದಿಯಲ್ಲಿ ಆರು ಕೈ ಮೇಲೆ ಬಂದವು. ನಾನು ಕೈ ಎತ್ತಲಿಲ್ಲ. ಆದರೆ ನಮ್ಮ ಮನೆಯ ಬೀಸುಕಲ್ಲು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಅದು ನೀರಿನ ಒಳಗೆ ಇತ್ತು.

ನಮ್ಮದು ಮುಳುಗಡೆ ಊರು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಬಂದಾಗ ನಮ್ಮ ಬೀಳಗಿ ತಾಲೂಕಿನಲ್ಲಿ ಕೃಷ್ಣಾ ದಂಡೆಯ ಎಷ್ಟೋ ಹಳ್ಳಿಗಳು ಮುಳುಗಿದವು. ನಾವು ಯಾರೂ ಆಗ ಹುಟ್ಟಿರಲಿಲ್ಲ. ಅಜ್ಜ, ಆಯಿ ಹಳೇ ಊರು ಬಿಟ್ಟು ಈ ಪುನರ್ವಸತಿ ಕೇಂದ್ರಕ್ಕೆ ಬಂದರು. ಬರುವಾಗ ಬಾಗಿಲು, ಚೌಕಟ್ಟು, ತೊಲೆ, ಪಾತ್ರೆ, ದನ ಎಲ್ಲ ತಂದರು. ಬೀಸುಕಲ್ಲು ಭಾರ, ಒಳ್ಳು ಇನ್ನೂ ಭಾರ. ಹೊಸ ಊರಾಗ ಹಿಟ್ಟಿನ ಗಿರಣಿ ಇರ್ತೈತಿ, ಈ ಕಲ್ಲು ಯಾಕ ಬೇಕು ಅಂತ ಅಲ್ಲೇ ಬಿಟ್ಟು ಬಂದರು. ಹಿತ್ತಾಳೆಯ ಹಳೇ ಸಾಮಾನು ಗುಜರಿಯವನ ಪಾಲಾಯಿತು. ನಮ್ಮೂರಿನ ಮನೆ ಮನೆಯ ಕಥೆಯೂ ಇದೇ.

ಅದಕ್ಕೇ ರಾಮನಗರದಲ್ಲಿ ಆ ಬೀಸುಕಲ್ಲಿನ ಮುಂದೆ ನಿಂತಾಗ ನನ್ನ ನಗು ನಿಂತುಹೋಯಿತು. ಇದನ್ನೆಲ್ಲ ಯಾರು ಕೂಡಿಸಿದರು ಅಂತ ಗುರುಗಳನ್ನು ಕೇಳಿದೆ. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದುಕೊಂಡಿದ್ದನ್ನೂ ಸೇರಿಸಿ ಈ ಚರಿತ್ರೆ ಬರೆದಿದ್ದೇನೆ.

ಹುಟ್ಟು ಮತ್ತು ಬಾಲ್ಯ

ನಾಗೇಗೌಡರು 1915ನೇ ಇಸವಿ ಫೆಬ್ರುವರಿ 11ರಂದು ಹೆರಗನಹಳ್ಳಿ ಎಂಬ ಹಳ್ಳಿಯಲ್ಲಿ ಜನಿಸಿದರು. ಅದು ನಾಗಮಂಗಲ ತಾಲೂಕಿನಲ್ಲಿದೆ. ಈಗ ಅದು ಮಂಡ್ಯ ಜಿಲ್ಲೆ. ಆದರೆ ಮಂಡ್ಯ ಜಿಲ್ಲೆ ಆದದ್ದೇ 1939ರಲ್ಲಿ. ಅವರು ಹುಟ್ಟಿದಾಗ ಅದು ಮೈಸೂರು ಜಿಲ್ಲೆಗೆ ಸೇರಿತ್ತು.

ಆಗ ಮೈಸೂರು ಸಂಸ್ಥಾನವನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ನಮ್ಮ ಕಡೆ ಹಾಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರ ಸಂಸ್ಥಾನ, ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಇವೆರಡೂ ಮುಂಬೈ ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದಾದಾಗ ನಾವೂ ಹೆರಗನಹಳ್ಳಿಯವರೂ ಒಂದೇ ರಾಜ್ಯದವರಾದೆವು. ಆಗ ನಾಗೇಗೌಡರಿಗೆ 41 ವರ್ಷ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ಅವರು ನಮ್ಮ ಮುಧೋಳಕ್ಕೆ ಬಂದ ಸಂಗತಿ ಬರುತ್ತದೆ.

ಹಳ್ಳಿಯಲ್ಲಿ ಬೆಳೆದ ಹುಡುಗನಿಗೆ ಬೀಸುವ ಪದ, ನಾಟಿಯ ಪದ, ಮದುವೆಯ ಸೋಬಾನೆ, ಕುಣಿತ ಇವೆಲ್ಲ ದಿನದ ಮಾತು. ಅವರ ಕಡೆ ರಾಗಿ, ನಮ್ಮ ಕಡೆ ಜೋಳ. ಧಾನ್ಯ ಬೇರೆ ಆದರೂ ಬೀಸುವ ಕಲ್ಲು ಒಂದೇ. ನಸುಕಿನಲ್ಲಿ ಎದ್ದು ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಹಾಡುತ್ತಿದ್ದುದೂ ಎರಡೂ ಕಡೆ ಇತ್ತು. ನಾಗೇಗೌಡರು ಮುಂದೆ ಎಷ್ಟು ದೊಡ್ಡ ಅಧಿಕಾರಿಯಾದರೂ ಈ ಹಾಡುಗಳನ್ನು ಮರೆಯಲಿಲ್ಲ.

ಓದು ಮತ್ತು ನೌಕರಿ

ಅವರು ಬಿ.ಎಸ್ಸಿ. ಓದಿದರು. ಆಮೇಲೆ ಕಾನೂನನ್ನೂ ಓದಿದರು. ಆ ಕಾಲದಲ್ಲಿ ಹಳ್ಳಿಯ ರೈತರ ಮಕ್ಕಳು ಇಷ್ಟು ಓದುವುದು ಬಹಳ ಅಪರೂಪವಾಗಿತ್ತು. ಓದು ಮುಗಿಸಿ ಮೈಸೂರು ಸರ್ಕಾರದ ನೌಕರಿಗೆ ಸೇರಿದರು. ಮೇಲೆ ಮೇಲೆ ಏರುತ್ತ ಐ.ಎ.ಎಸ್. ಅಧಿಕಾರಿಯಾದರು. ಜಿಲ್ಲಾಧಿಕಾರಿಯಾಗಿ ಕೆಲಸ ಮಾಡಿದರು.

ಜಿಲ್ಲಾಧಿಕಾರಿ ಅಂದರೆ ನಮ್ಮ ಕಡೆ ಡೀಸಿ ಸಾಹೇಬ್ರು. ಡೀಸಿ ಸಾಹೇಬರು ಊರಿಗೆ ಬಂದರೆ ಜನ ಅರ್ಜಿ ಹಿಡಿದುಕೊಂಡು ನಿಲ್ಲುತ್ತಾರೆ. ನಾಗೇಗೌಡರೂ ಅರ್ಜಿ ತೆಗೆದುಕೊಳ್ಳುತ್ತಿದ್ದಿರಬೇಕು. ಆದರೆ ಅವರಿಗೆ ಇನ್ನೊಂದು ಹುಚ್ಚು ಇತ್ತು. ಹಳ್ಳಿಗಳಲ್ಲಿ ಪದ ಹೇಳುವವರು ಎಲ್ಲಿದ್ದಾರೆ ಅಂತ ಹುಡುಕುವುದು, ಅವರ ಪದಗಳನ್ನು ಬರೆದಿಡುವುದು. ನೌಕರಿಯಲ್ಲಿ ಇರುವಾಗಲೇ ಅವರು ಈ ಕೆಲಸ ಶುರು ಮಾಡಿದ್ದರು.

ಅವರು ಸಾಹಿತಿಯೂ ಹೌದು. ದೊಡ್ಡಮನೆ ಎಂಬ ಕಾದಂಬರಿ ಬರೆದರು. ಪರದೇಶಗಳಿಂದ ನಮ್ಮ ದೇಶಕ್ಕೆ ಬಂದು ಹೋದ ಪ್ರವಾಸಿಗಳು ಬರೆದಿಟ್ಟ ಸಂಗತಿಗಳನ್ನು ಕನ್ನಡಕ್ಕೆ ತಂದು ಪ್ರವಾಸಿ ಕಂಡ ಇಂಡಿಯಾ ಎಂಬ ಹೆಸರಿನಲ್ಲಿ ಹಲವು ಸಂಪುಟ ಮಾಡಿದರು. ಕಾಫಿಯ ಬಗ್ಗೆ ಬೆಟ್ಟದಿಂದ ಬಟ್ಟಲಿಗೆ ಎಂಬ ಪುಸ್ತಕ ಬರೆದರು. ನಾವು ಚಹಾ ಕುಡಿಯುವವರು, ಆದರೂ ಆ ಹೆಸರು ನನಗೆ ಬಹಳ ಸೇರಿತು.

ಹಾಡು ಕೂಡಿಸಿದ್ದು

ಹಳ್ಳಿಯ ಹಾಡು ಕೂಡಿಸುವ ಕೆಲಸ ಅವರಿಗಿಂತ ಮೊದಲೂ ನಡೆದಿತ್ತು. ಅದರಲ್ಲಿ ನಮ್ಮ ಕಡೆಯವರದೇ ದೊಡ್ಡ ಹೆಸರು. ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಕೂಡಿ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ಗರತಿಯ ಹಾಡು ಎಂಬ ಪುಸ್ತಕ ತಂದಿದ್ದರು. ಆಗ ನಾಗೇಗೌಡರು 16 ವರ್ಷದ ಹುಡುಗ.

ನಾಗೇಗೌಡರು ಹಳೇ ಮೈಸೂರು ಕಡೆಯ ಹಳ್ಳಿಗಳ ಹಾಡು ಕೂಡಿಸಿದರು. ಅವರು ಮಾಡಿದ ಒಂದು ಪುಸ್ತಕದ ಹೆಸರು ಸೋಬಾನೆ ಚಿಕ್ಕಮ್ಮನ ಪದಗಳು. ಈ ಹೆಸರನ್ನು ಸ್ವಲ್ಪ ಗಮನಿಸಿ ನೋಡಿರಿ. ಬರೆದುಕೊಂಡವರು ದೊಡ್ಡ ಅಧಿಕಾರಿ. ಹಾಡಿದವರು ಹಳ್ಳಿಯ ಒಬ್ಬ ತಾಯಿ. ಆದರೆ ಪುಸ್ತಕದ ಹೆಸರಿನಲ್ಲಿ ಇರುವುದು ಹಾಡಿದ ತಾಯಿಯ ಹೆಸರು. ಯಾರೋ ಒಬ್ಬ ಹೆಣ್ಣುಮಗಳು ಹಾಡಿದಳು ಅಂತ ಬರೆದು ಬಿಟ್ಟಿದ್ದರೆ ಆ ಚಿಕ್ಕಮ್ಮನವರು ಯಾರು ಅಂತ ಇವತ್ತು ನಮಗೆ ಗೊತ್ತೇ ಆಗುತ್ತಿರಲಿಲ್ಲ. ನಾಗೇಗೌಡರ ಜೀವನದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ.

ಮುಪ್ಪಿನಲ್ಲಿ ಹೊಸ ಕೆಲಸ

ನೌಕರಿಯಿಂದ ನಿವೃತ್ತಿಯಾದ ಮೇಲೆ ಜನ ಪೆನ್ಶನ್ ತೆಗೆದುಕೊಂಡು, ಕಟ್ಟೆಯ ಮೇಲೆ ಕೂತು, ಪೇಪರ ಓದುತ್ತಾರೆ. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಎಂಬ ಸಂಸ್ಥೆ ಹುಟ್ಟುಹಾಕಿದರು. ಗಣಿತ ಮಾಡಿ ನೋಡಿರಿ. 1979ರಲ್ಲಿ 1915 ಕಳೆದರೆ 64. ಅರವತ್ತನಾಲ್ಕನೇ ವರ್ಷಕ್ಕೆ ಅವರು ತಮ್ಮ ದೊಡ್ಡ ಕೆಲಸಕ್ಕೆ ಕೈ ಹಾಕಿದರು.

ಪರಿಷತ್ತಿನಿಂದ ಊರೂರಿನ ಕಲಾವಿದರ ಹಾಡು, ಕಥೆ, ಆಟಗಳನ್ನು ಟೇಪಿನಲ್ಲಿಯೂ ವಿಡಿಯೋದಲ್ಲಿಯೂ ಹಿಡಿದಿಟ್ಟರು. ಜಾನಪದ ಜಗತ್ತು ಎಂಬ ಪತ್ರಿಕೆ ತಂದರು. ಹಳ್ಳಿಯ ಮಾತು, ಸಾಮಾನು, ಹಬ್ಬ, ಆಚರಣೆಗಳಿಗೆ ಅರ್ಥ ಹೇಳುವ ಜಾನಪದ ಕೋಶವನ್ನೂ ಮಾಡಿದರು. ಆದರೆ ಹಾಡನ್ನು ಪುಸ್ತಕದಲ್ಲಿ ಇಡಬಹುದು, ಟೇಪಿನಲ್ಲಿ ಇಡಬಹುದು. ಬೀಸುಕಲ್ಲನ್ನು ಎಲ್ಲಿ ಇಡಬೇಕು. ಡೊಳ್ಳನ್ನು ಎಲ್ಲಿ ಇಡಬೇಕು. ಅದಕ್ಕೆ ಜಾಗ ಬೇಕು. ಸರ್ಕಾರ ರಾಮನಗರದ ಹತ್ತಿರ 15 ಎಕರೆ ಜಮೀನು ಕೊಟ್ಟಿತು. ಬೆಂಗಳೂರಿನಿಂದ ಅದು ಸುಮಾರು 50 ಕಿಲೋಮೀಟರ. ಅಲ್ಲಿ ಜಾನಪದ ಲೋಕ ಎದ್ದು ನಿಂತಿತು. 1994ರ ಮಾರ್ಚ್ ತಿಂಗಳಲ್ಲಿ ಅದು ಆರಂಭವಾದಾಗ ನಾಗೇಗೌಡರಿಗೆ 79 ವರ್ಷ. ನಮ್ಮ ಅಜ್ಜನಿಗೆ ಈಗ ಅಷ್ಟು ವಯಸ್ಸಾಗಿಲ್ಲ, ಆಗಲೇ ಮೊಣಕಾಲು ನೋವು ಅಂತ ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದಾನೆ.

ಜಾನಪದ ಲೋಕದಲ್ಲಿ ಏನೇನು ಇದೆ

ಅಲ್ಲಿ ಐದು ಸಾವಿರದಷ್ಟು ವಸ್ತುಗಳಿವೆ. ಅವನ್ನು ಬೇರೆ ಬೇರೆ ಮನೆಗಳಲ್ಲಿ ಇಟ್ಟಿದ್ದಾರೆ. ಪ್ರವಾಸಕ್ಕೆ ಬರದವರ ಸಲುವಾಗಿ ಸಣ್ಣದಾಗಿ ಹೇಳುತ್ತೇನೆ.

ಲೋಕಮಾತಾ ಮಂದಿರದಲ್ಲಿ ಅಡುಗೆಮನೆಯ ಸಾಮಾನು, ಅಳೆಯುವ ಸೇರು ಪಾವು, ಬೀಸುವ, ಕುಟ್ಟುವ, ಕೇರುವ ಸಾಮಾನುಗಳಿವೆ. ಹೆಣ್ಣುಮಕ್ಕಳ ಕೈಯಲ್ಲಿ ಓಡಾಡಿದ ವಸ್ತುಗಳು ಇರುವ ಮನೆಗೆ ಲೋಕದ ತಾಯಿ ಎಂದು ಹೆಸರು ಇಟ್ಟಿದ್ದಾರೆ.

ಲೋಕಮಹಲು ಎಂಬುದರಲ್ಲಿ ಕುಣಿತದ ಮುಖವಾಡ, ಆಟದ ವೇಷಭೂಷಣ, ವಾದ್ಯ, ತೊಗಲುಗೊಂಬೆ ಇವೆ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತದ ಆಟ ನೋಡಿದವರಿಗೆ ಕಿರೀಟ, ಭುಜಕೀರ್ತಿ ನೋಡಿ ಗುರುತು ಹತ್ತುತ್ತದೆ.

ಆಯಗಾರಮಾಳ ಎಂಬುದು ನನಗೆ ಬಹಳ ಸೇರಿದ ಜಾಗ. ಹಿಂದಿನ ಕಾಲದಲ್ಲಿ ಬಡಿಗ, ಕಂಬಾರ, ಕುಂಬಾರ, ಮಡಿವಾಳ, ಹಡಪದ ಇವರಿಗೆ ರೈತರು ಕೆಲಸಕ್ಕೆ ರೊಕ್ಕ ಕೊಡುತ್ತಿರಲಿಲ್ಲ. ವರ್ಷವಿಡೀ ಅವರು ರೈತರ ಕೆಲಸ ಮಾಡಬೇಕು, ಸುಗ್ಗಿಯಲ್ಲಿ ರಾಶಿ ಆದಾಗ ಕಣಕ್ಕೆ ಹೋಗಿ ಕಾಳು ತೆಗೆದುಕೊಳ್ಳಬೇಕು. ಆ ಕಾಳಿಗೆ ಆಯ ಎನ್ನುತ್ತಾರೆ. ಆಯ ತೆಗೆದುಕೊಳ್ಳುವವರು ಆಯಗಾರರು. ಮಳೆ ಆಗದ ವರ್ಷ ರೈತನಿಗೂ ಇಲ್ಲ, ಆಯಗಾರನಿಗೂ ಇಲ್ಲ. ಅವರು ಕೈಯಲ್ಲಿ ಹಿಡಿದ ಉಪಕರಣಗಳನ್ನು ಅಲ್ಲಿ ಇಟ್ಟಿದ್ದಾರೆ. ಯುದ್ಧ ಗೆದ್ದ ರಾಜರ ಕತ್ತಿಗಳನ್ನು ನಾವು ಮೈಸೂರಿನಲ್ಲಿ ನೋಡಿದೆವು. ಊರು ನಡೆಸಿದವರ ಬಾಚಿ, ಉಳಿ, ಸುತ್ತಿಗೆ ನೋಡಿದ್ದು ಇಲ್ಲಿ ಮಾತ್ರ.

ಶಿಲಾಮಾಳದಲ್ಲಿ ವೀರಗಲ್ಲು, ಮಾಸ್ತಿಗಲ್ಲು ಇವೆ. ಚಿತ್ರಕುಟೀರದಲ್ಲಿ ಫೋಟೋಗಳಿವೆ. ದೊಡ್ಡಮನೆ ಎಂಬ ಮನೆಯೂ ಇದೆ. ಅವರ ಕಾದಂಬರಿಯ ಹೆಸರೂ ಅದೇ ಎಂದು ಆಗಲೇ ಹೇಳಿದ್ದೇನೆ. ಕಲಾವಿದರು ಬಂದು ಹಾಡಿ ಕುಣಿಯಲು ಬಯಲು ರಂಗಮಂದಿರ ಇದೆ.

ಇಷ್ಟು ಸಾಮಾನು ಇಟ್ಟುಕೊಳ್ಳುವುದು ಸುಮ್ಮನಲ್ಲ ಎಂದು ಗುರುಗಳು ಹೇಳಿದರು. ಕಟ್ಟಿಗೆಗೆ ಗೆದ್ದಲು ಹತ್ತುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ತೊಗಲುಗೊಂಬೆಗೆ ಇಲಿ ಬೀಳುತ್ತವೆ, ತಂಪಿಗೆ ಬೂಸ್ಟು ಬರುತ್ತದೆ. ಪ್ರತಿಯೊಂದಕ್ಕೂ ನಂಬರ ಹಾಕಬೇಕು, ಯಾವ ಊರಿಂದ ಬಂತು, ಅದನ್ನು ಏನಕ್ಕೆ ಬಳಸುತ್ತಿದ್ದರು ಎಂದು ಬರೆದಿಡಬೇಕು. ಬರೆಯದೇ ಇಟ್ಟರೆ ಐವತ್ತು ವರ್ಷದ ಮೇಲೆ ಅದು ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಬ್ಬ ಮಹನೀಯರ ಸಂಗತಿ

ನಾಗೇಗೌಡರ ಕೆಲಸದ ಬೆಲೆ ತಿಳಿಯಬೇಕಾದರೆ ಇನ್ನೊಬ್ಬರ ಕಥೆಯನ್ನೂ ಕೇಳಬೇಕೆಂದು ಗುರುಗಳು ಹೇಳಿ, ಅದನ್ನೂ ಬರೆಯಲು ಹೇಳಿದರು. ಅವರ ಹೆಸರು ಆನಂದ ಕುಮಾರಸ್ವಾಮಿ. 1877ರಲ್ಲಿ ಶ್ರೀಲಂಕಾದ ಕೊಲಂಬೊದಲ್ಲಿ ಹುಟ್ಟಿದರು. ತಂದೆ ಅಲ್ಲಿಯ ತಮಿಳರು, ತಾಯಿ ಇಂಗ್ಲೆಂಡಿನವರು. ಅವರು ಓದಿದ್ದು ಕಲ್ಲು ಮಣ್ಣಿನ ವಿಜ್ಞಾನ. ಖನಿಜ ಹುಡುಕುವ ಸರ್ಕಾರಿ ಅಧಿಕಾರಿಯಾಗಿ ಶ್ರೀಲಂಕಾದ ಹಳ್ಳಿಗಳನ್ನು ತಿರುಗಿದರು. ತಿರುಗುವಾಗ ಅಲ್ಲಿಯ ಕುಶಲಕರ್ಮಿಗಳ ಕೆಲಸ ಹಾಳಾಗುತ್ತಿರುವುದನ್ನು ನೋಡಿ ಮನಸ್ಸು ನೊಂದು, ಕಲೆಯ ಚರಿತ್ರೆ ಬರೆಯತೊಡಗಿದರು.

ಆಮೇಲೆ ಭಾರತಕ್ಕೆ ಬಂದು ಹಳೆಯ ಚಿತ್ರಗಳನ್ನು ಕೂಡಿಸಿದರು. ರಜಪೂತರ ಕಾಲದ ಚಿತ್ರಗಳ ಬೆಲೆಯನ್ನು ಲೋಕಕ್ಕೆ ತೋರಿಸಿದವರು ಅವರೇ. ಇಲ್ಲಿಯೇ ಒಂದು ರಾಷ್ಟ್ರೀಯ ವಸ್ತು ಸಂಗ್ರಹಾಲಯ ಮಾಡಿದರೆ ತಮ್ಮ ಸಂಗ್ರಹವನ್ನೆಲ್ಲ ಕೊಡಲು ಅವರು ಮುಂದೆ ಬಂದರು. ಆದರೆ ಸಾಕಷ್ಟು ಜನರ ನೆರವು ಸಿಗಲಿಲ್ಲ. 1917ರಲ್ಲಿ ಆ ಸಂಗ್ರಹ ಅಮೆರಿಕದ ಬಾಸ್ಟನ್ ಊರಿನ ವಸ್ತು ಸಂಗ್ರಹಾಲಯಕ್ಕೆ ಹೋಯಿತು. ಅವರೂ ಅದರ ಜೊತೆಗೆ ಹೋಗಿ ಅಲ್ಲಿಯೇ ಭಾರತೀಯ ಕಲೆಯ ವಿಭಾಗ ನೋಡಿಕೊಂಡರು. ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿ, ಸೆಪ್ಟೆಂಬರ್ ತಿಂಗಳು, ಅಮೆರಿಕದಲ್ಲಿಯೇ ತೀರಿಕೊಂಡರು. ಆ ಚಿತ್ರಗಳು ಈಗಲೂ ಅಲ್ಲಿ ಚೆನ್ನಾಗಿಯೇ ಇವೆ. ಆದರೆ ಅವನ್ನು ನೋಡಬೇಕಾದರೆ ನಾವು ಬಾಸ್ಟನ್ನಿಗೆ ಹೋಗಬೇಕು.

ನಾಗೇಗೌಡರು ಕೂಡಿಸಿದ್ದು ಮೈಸೂರಿನ ರಸ್ತೆಯ ಪಕ್ಕದಲ್ಲಿಯೇ ಉಳಿಯಿತು. ನಮ್ಮಂಥ ಹಳ್ಳಿಯ ಹುಡುಗರು ಬಸ್ಸಿನಿಂದ ಇಳಿದು, ನಕ್ಕು, ಆಮೇಲೆ ಸುಮ್ಮನಾಗಿ ನೋಡಿ ಬರಬಹುದು. ಈ ಎರಡು ಕಥೆ ಕೂಡಿಸಿ ನೋಡಿದಾಗ ನನಗೆ ತಿಳಿದದ್ದು ಇಷ್ಟು. ಕೂಡಿಸುವವರು ಒಬ್ಬರು ಇದ್ದರೆ ಸಾಲದು. ಇಡಲು ಜಾಗ ಕೊಡುವವರು, ಕಾಯುವವರು, ನೋಡಲು ಬರುವವರು ಎಲ್ಲರೂ ಬೇಕು.

ನಮ್ಮ ಮುಧೋಳಕ್ಕೆ ಬಂದದ್ದು

ಈಗ ನಮ್ಮ ಕಡೆಯ ಸಂಗತಿ. 1995ರಲ್ಲಿ ನಮ್ಮ ಮುಧೋಳದಲ್ಲಿ 64ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮುಧೋಳ ಅಂದರೆ ಕವಿ ರನ್ನ ಹುಟ್ಟಿದ ಊರು. ಆಗ ನಮ್ಮದು ಬಾಗಲಕೋಟೆ ಜಿಲ್ಲೆ ಆಗಿರಲಿಲ್ಲ, ಅದು ಆದದ್ದು 1997ರಲ್ಲಿ. ಆಗ ಎಲ್ಲ ವಿಜಾಪುರ ಜಿಲ್ಲೆ. ಆ ಸಮ್ಮೇಳನದ ಅಧ್ಯಕ್ಷರು ಯಾರು ಗೊತ್ತೇ. ಎಚ್. ಎಲ್. ನಾಗೇಗೌಡರು. ಅವರಿಗೆ ಆಗ 80 ವರ್ಷ.

ಇದು ತಿಳಿದ ದಿನ ನಾನು ಮನೆಗೆ ಓಡಿ ಹೋಗಿ ಅಜ್ಜನನ್ನು ಕೇಳಿದೆ. ಅಜ್ಜ ಆ ಸಮ್ಮೇಳನಕ್ಕೆ ಹೋಗಿದ್ದನಂತೆ. ಊರಿನ ಮಂದಿ ಟೆಂಪೋ ಮಾಡಿಕೊಂಡು ಹೋಗಿದ್ದರಂತೆ. ಮೆರವಣಿಗೆ, ಡೊಳ್ಳು, ಮಂದಿ, ಧೂಳು, ಊಟದ ಪಾಳಿ ಎಲ್ಲ ಅಜ್ಜನಿಗೆ ಚೆನ್ನಾಗಿ ನೆನಪಿದೆ. ಅಧ್ಯಕ್ಷರನ್ನು ದೂರದಿಂದ ನೋಡಿದ್ದನಂತೆ. ಅವರು ಯಾರು, ಏನು ಮಾಡಿದವರು ಅಂತ ಆಗ ಗೊತ್ತಿರಲಿಲ್ಲವಂತೆ. ಬೀಸುಕಲ್ಲು ಒಳ್ಳು ಕೂಡಿಸಿದವರು ಅವರು ಅಂತ ನಾನು ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಅವರು ಬಂದು ಹೋದ ಮೇಲೇ ನಾವು ನಮ್ಮ ಕಲ್ಲು ನೀರಿಗೆ ಬಿಟ್ಟು ಬಂದ್ವಿ, ಆಗ ತಿಳೀಲಿಲ್ಲ ಅಂದ.

ಕೊನೆಯ ದಿನಗಳು

ನಾಗೇಗೌಡರು 2005ನೇ ಇಸವಿ ಸೆಪ್ಟೆಂಬರ್ 22ರಂದು ನಿಧನರಾದರು. ಅವರಿಗೆ 90 ವರ್ಷ ಆಗಿತ್ತು. ಅವರು ಹೋದ ಮೇಲೆಯೂ ಜಾನಪದ ಲೋಕ ನಿಂತಿಲ್ಲ. ಅಲ್ಲಿ ಲೋಕೋತ್ಸವ ಮಾಡುತ್ತಾರೆ, ಗಾಳಿಪಟದ ಹಬ್ಬ ಮಾಡುತ್ತಾರೆ, ಹಳ್ಳಿಯ ಕಲಾವಿದರನ್ನು ಕರೆದು ಸನ್ಮಾನ ಮಾಡುತ್ತಾರೆ. ಒಬ್ಬ ಮನುಷ್ಯ ಹೋದ ಮೇಲೂ ಅವರ ಕೆಲಸ ನಡೆದಿದ್ದರೆ ಅದೇ ನಿಜವಾದ ಬದುಕು ಎಂದು ನನಗೆ ಅನಿಸುತ್ತದೆ.

ನಮ್ಮ ಮನೆಯ ಬೀಸುಕಲ್ಲು

ಇನ್ನೊಂದು ಮಾತು ಬರೆದು ಮುಗಿಸುತ್ತೇನೆ. ಹೋದ ಬ್ಯಾಸಿಗಿಯಲ್ಲಿ ಹಿನ್ನೀರು ಬಹಳ ಇಳಿದಿತ್ತು. ನೀರು ಇಳಿದ ಹೊಲದಲ್ಲಿ ಕೆಲಸಕ್ಕೆಂದು ಕಾಕಾ ಟ್ರ್ಯಾಕ್ಟರ್ ಒಯ್ದಾಗ ನಾನೂ ಅಜ್ಜನೂ ಹತ್ತಿಕೊಂಡು ಹಳೇ ಊರಿಗೆ ಹೋದೆವು. ಗುಡಿಯ ಕಟ್ಟೆ ಕಾಣುತ್ತಿತ್ತು. ಮನೆಗಳ ಬುನಾದಿ ಕಲ್ಲು ಅಲ್ಲಲ್ಲಿ ಎದ್ದಿದ್ದವು. ಅಜ್ಜ ಹೆಜ್ಜೆ ಎಣಿಸಿಕೊಂಡು ಹೋಗಿ ಒಂದು ಜಾಗದಲ್ಲಿ ನಿಂತ. ಇದು ಪಡಸಾಲಿ, ಇದು ಅಡಗಿ ಮನಿ ಅಂತ ತೋರಿಸಿದ. ಅರಲು ಕೆದರಿ ನೋಡಿದಾಗ ಬೀಸುಕಲ್ಲಿನ ಕೆಳಗಿನ ತಳಿ ಸಿಕ್ಕಿತು. ಮೇಲಿನದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಅದನ್ನು ಮನೆಗೆ ತಂದು ತೊಳೆದು ಆಯಿಯ ಮುಂದೆ ಇಟ್ಟೆವು. ಆಯಿ ಅದರ ಮೇಲೆ ಕೈ ಆಡಿಸಿದಳು. ನಾನು ಬೀಸುವ ಪದ ಹೇಳು ಅಂದೆ. ಆಯಿ ಶುರು ಮಾಡಿದಳು. ಎರಡು ಸಾಲು ಹೇಳಿದಳು, ಮೂರನೆಯ ಸಾಲಿಗೆ ನಿಂತುಬಿಟ್ಟಳು. ಮುಂದಿನದು ನೆನಪಾಗಲಿಲ್ಲ. ಕಲ್ಲು ತಿರುಗುತ್ತಿದ್ದರೆ ಪದ ತಾನೇ ಬರುತ್ತಿತ್ತಂತೆ, ಕಲ್ಲು ನಿಂತ ಮೇಲೆ ಪದವೂ ನಿಂತಿತಂತೆ. ಆಕೆಗೆ ಪದ ಕಲಿಸಿದ ಅತ್ತೆ ಈಗ ಇಲ್ಲ. ಜೊತೆಗೆ ಕೂತು ಬೀಸುತ್ತಿದ್ದ ನೆಗೆಣ್ಣಿಯೂ ಇಲ್ಲ. ಕಲ್ಲನ್ನು ನೀರಿನಿಂದ ತೆಗೆದೆವು, ಆದರೆ ಆ ಹಾಡನ್ನು ಎಲ್ಲಿಂದ ತೆಗೆಯಬೇಕು. ನಾಗೇಗೌಡರು ನೌಕರಿಯಲ್ಲಿ ಇರುವಾಗಲೇ ಯಾಕೆ ಅಷ್ಟು ಅವಸರದಿಂದ ಹಾಡು ಬರೆದುಕೊಂಡರು ಅಂತ ನನಗೆ ಅವತ್ತು ತಿಳಿಯಿತು.

ಅವತ್ತಿನಿಂದ ದಿನಾ ಸಂಜೆ ಆಯಿ ಹತ್ತಿರ ಕೂತು ಆಕೆಗೆ ನೆನಪಾದಷ್ಟು ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಪೂರ್ತಿ ಪದ ಹನ್ನೊಂದು, ಅರ್ಧ ಪದ ಇಪ್ಪತ್ತು ಆಗಿವೆ. ನೋಟಬುಕ್ಕಿನ ಮೇಲೆ ನನ್ನ ಹೆಸರು ಹಾಕಿಲ್ಲ, ಆಯಿಯ ಹೆಸರು ಹಾಕಿದ್ದೇನೆ.

ಗೆಳೆಯ ಗೆಳತಿಯರೇ, ನನ್ನ ಕಡೆ ಇರುವ ಅರ್ಧ ಪದದ ಉಳಿದ ಅರ್ಧ ನಿಮ್ಮ ಆಯಿಗೆ ಗೊತ್ತಿರಬಹುದು. ದಯವಿಟ್ಟು ಇವತ್ತು ಮನೆಗೆ ಹೋದ ಕೂಡಲೇ ಕೇಳಿರಿ. ಹಿತ್ತಲದಲ್ಲಿ ಬಿದ್ದ ಹಳೇ ಸಾಮಾನನ್ನು ಗುಜರಿಗೆ ಹಾಕುವ ಮೊದಲು ಗುರುಗಳಿಗೆ ತೋರಿಸಿರಿ. ನಮ್ಮ ಶಾಲೆಯ ಖಾಲಿ ಖೋಲಿಯಲ್ಲಿ ಒಂದು ಮೂಲೆ ಕೊಡುತ್ತೇನೆಂದು ಹೆಡ್ ಮಾಸ್ತರರು ಒಪ್ಪಿದ್ದಾರೆ. ನಮ್ಮ ಬೀಸುಕಲ್ಲಿನ ತಳಿಯನ್ನು ಅಲ್ಲಿ ಮೊದಲು ಇಡುತ್ತೇವೆ. ಅದರ ಚೀಟಿಯ ಮೇಲೆ ಏನು, ಯಾವ ಊರಿನದು, ಯಾರು ಬೀಸುತ್ತಿದ್ದರು ಎಂಬ ಮೂರು ಮಾತು ಬರೆದಿರುತ್ತದೆ. ಮುಂದಿನ ಚೀಟಿ ನಿಮ್ಮ ಮನೆಯದಾಗಲಿ.

ನನ್ನ ಬರಹದಲ್ಲಿ ತಪ್ಪುಗಳಿದ್ದರೆ ಗುರುಗಳು ತಿದ್ದಬೇಕು, ಗೆಳೆಯರು ನಗದೆ ಓದಬೇಕು.



ಏಳನೇ ಈಯತ್ತೆ